ಜ್ವರಕ್ಕೆ ಕೂತಿವೆ

ಹುಳು ಮನೆಯ ಕಿಟಕಿಗೆ ಊಜಿ ನೊಣದ ಬಲೆ ಇನ್ನೂ ಹಾಗೇ ಇದೆ.
ಒಳಗೆ ಮಾತ್ರ ಹುಳುವಿಲ್ಲ.
ಸ್ಟ್ಯಾಂಡಿನ ಐದು ಅಂತಸ್ತಿಗೂ ನ್ಯಾಮತ್
ಟ್ಯೂಬ್‌ಲೈಟ್ ಕಟ್ಟಿಕೊಟ್ಟಿದ್ದಾನೆ,
ಏರಿಸಲು ಇಳಿಸಲು ಒಂದೊಂದಕ್ಕೂ ಎರಡು ಮೊಳ ಹುರಿ.
ರೇಷ್ಮೆಯದೇ. ಮಿಕ್ಕಿದ್ದು.

ಹೊಸೂರಿಂದ ಬಂದ ಡಬ್ಬ
ಶಿಡ್ಲಘಟ್ಟ ಬಸ್ ಸ್ಟ್ಯಾಂಡಿನಲ್ಲಿ ಒಂದು ಹಗಲು ಬಿಸಿಲು ಕಾದಿತ್ತು.
ಬಿಚ್ಚಿದರೆ ಸಾವಿರದಿನ್ನೂರು ಸೇವಂತಿಗೆ ಕುಡಿ,
ಬೇಯಿಸಿ ಬಸಿದ ಸೊಪ್ಪು.
"ಬಸ್ಸಾರಿಗಾಯ್ತು ಬಿಡತ್ತಿಗೆ" ಅಂದ ಗಂಗುಲಪ್ಪ.

ಎಲ್ಲಾ ಒಂದೇ ತಾಯಿಗಿಡದವು, ಚೀಟಿಯಲ್ಲಿ ಬರೆದಿತ್ತು.
ಒಂದೇ ತಾಯಿ, ಒಂದೇ ಕತ್ತರಿ, ಒಂದೇ ಡಬ್ಬ.
ಆದರೂ ಒಂದು ತಲೆ ಎತ್ತುತ್ತೆ,
ಪಕ್ಕದ್ದು ಕುತ್ತಿಗೆ ಚೆಲ್ಲುತ್ತೆ.
ಅದು ಯಾಕೆ ಅಂತ ಯಾರೂ ಚೀಟಿ ಬರೆದಿರಲಿಲ್ಲ.

ಮೊದಲನೇ ದಿನ ತಪ್ಪು ಮಾಡಿದೆ.
ಸೊರಗಿದವಕ್ಕೆ ಉಣ್ಣಿಸಬೇಕು ಅಂತ
ಹತ್ತೊಂಬತ್ತು ಹತ್ತೊಂಬತ್ತು ಹತ್ತೊಂಬತ್ತು
ನೀರಲ್ಲಿ ಕದಡಿ ಟ್ರೇಯ ಕುಣಿ ಕುಣಿಗೂ ಹಾಕಿದೆ.
ದೀಪಗಳನ್ನು ಎಲೆಗೆ ತಾಗುವಷ್ಟು ಇಳಿಸಿದೆ.
ಬೆಳಗಾಗೆದ್ದು ನೋಡಿದರೆ ಎಲೆಯಂಚೆಲ್ಲಾ
ಬೀಡಿಯಲ್ಲಿ ಸುಟ್ಟ ಹಾಗೆ.
ಬೇರಿಲ್ಲದ ಬಾಯಿಗೆ ಹಬ್ಬದೂಟ ತುರುಕಿದ್ದೆ.

ಟ್ರೇ ಹಿಡಿದು ಸುಮ್ಮನೆ ನಿಂತಿದ್ದಾಗ ಅತ್ತೆಯ ದನಿ.
ಅವಳು ಸತ್ತು ಒಂಬತ್ತು ವರ್ಷ.
ಊರೆಲ್ಲಾ ಬಯ್ದವಳು, ಹುಳು ಮನೆಯಲ್ಲಿ ಮಾತ್ರ ಮೆಲ್ಲಗೆ:
"ಜ್ವರಕ್ಕೆ ಕೂತಿವೆ ಕಣೇ. ಸೊಪ್ಪು ಹಾಕ್ಬೇಡ."

ಹುಳು ತಲೆಯೆತ್ತಿ ಕೂತು ಹಳೇ ಚರ್ಮ ಬಿಡೋ ದಿನ
ಮನೆಯಲ್ಲಿ ಒಗ್ಗರಣೆ ಕೂಡಾ ಹಾಕುತ್ತಿರಲಿಲ್ಲ.

ಹಾಗಾದರೆ ನನಗೆ ಗೊತ್ತಿರುವ ಕೆಲಸವೇ ಇದು.
ಹಾಕಿದ ಗೊಬ್ಬರವನ್ನೆಲ್ಲಾ ಬರೀ ನೀರಲ್ಲಿ ತೊಳೆದು ಇಳಿಸಿದೆ.
ಹುರಿ ಎಳೆದು ದೀಪಗಳನ್ನು ಒಂದು ಮೊಳ ಮೇಲೆ ಕಳಿಸಿದೆ.
ಅಟ್ಟದಲ್ಲಿ ಪ್ಯಾರಫಿನ್ ಕಾಗದದ ಸುರುಳಿ ಇತ್ತು,
ಚಾಕಿ ಮರಿಗಳಿಗೆ ಹೊದಿಸುತ್ತಿದ್ದುದು,
ಅದರ ಮಡಿಕೆಯಲ್ಲಿ ಹಿಪ್ಪುನೇರಳೆಯ ಒಂದು ಒಣ ಎಲೆಯೂ.
ಟ್ರೇಗಳಿಗೆ ಹೊದಿಸಿದೆ.
ಕಿಟಕಿಗೆ ಒದ್ದೆ ಗೋಣಿ.
ದಿನಕ್ಕೊಂದು ಸಲ ಕಾಗದ ಎತ್ತಿ, ಉಸಿರಾಡಿಸಿ, ಮತ್ತೆ ಮುಚ್ಚುವುದು.
ಆಮೇಲೆ ಏನೂ ಮಾಡದೆ ಇರುವುದು.
ಕಷ್ಟ ಇದೇ.

ಔಷಧಿ ಅಂಗಡಿಯವನು ಫೋನಿನಲ್ಲಿ ಮೂರು ಬಾಟಲಿ ಹೆಸರು ಹೇಳಿದ.
ಬರೆದುಕೊಂಡೆ.
ಮೊರದ ಕೆಳಗಿಟ್ಟೆ.

ಹುಳುವಾಗಿದ್ದರೆ ತಿಳಿಯುತ್ತಿತ್ತು.
ಜ್ವರ ಬಿಟ್ಟೆದ್ದು ಮೇಯುವ ಸದ್ದು, ನಡುರಾತ್ರಿ,
ತಗಡಿನ ಮೇಲೆ ಸೋನೆ ಬಿದ್ದ ಹಾಗೆ;
ಹೊಸದಾಗಿ ಬಂದಾಗ ನಾನು ಎದ್ದು ಓಡಿ
ಅಂಗಳದ ಬಟ್ಟೆ ಎತ್ತಿಟ್ಟಿದ್ದೆ, ಮನೆಯೆಲ್ಲಾ ನಕ್ಕಿತ್ತು.
ಈ ಕಡ್ಡಿಗಳಿಗೆ ಸದ್ದಿಲ್ಲ.
ರಾತ್ರಿ ಕಾಗದದಡಿ ಮೂಗು ತೂರಿಸಿ ವಾಸನೆ ನೋಡುತ್ತೇನೆ.
ಕೊಳೆತದ್ದು ಎಂಟು. ಆಮೇಲೆ ನಲವತ್ತು. ಆಮೇಲೆ ಎಣಿಸಲಿಲ್ಲ.
ಕಿತ್ತು ಬಕೆಟ್ಟಿಗೆ ಹಾಕುವಾಗ
ಪಕ್ಕದವುಗಳ ಕಡೆ ನೋಡಲಿಲ್ಲ.

ಹನ್ನೊಂದನೇ ಬೆಳಿಗ್ಗೆ,
ಮೂರನೇ ಅಂತಸ್ತು, ಗೋಡೆ ಕಡೆಯದು,
ಎರಡೇ ಎಲೆ ಉಳಿದಿದ್ದು,
ಎರಡು ಬೆರಳಲ್ಲಿ ಹಿಡಿದು ತುಸು ಮೇಲೆಳೆದೆ.
ಬರಲಿಲ್ಲ.
ಇನ್ನೊಂದು ಚೂರು ಎಳೆದೆ.
ಕೆಳಗಿಂದ ಅದೂ ಎಳೆಯಿತು,
ಸೆರಗು ಹಿಡಿದ ಕೂಸಿನ ಹಾಗೆ.

ಗಂಗುಲಪ್ಪನನ್ನು ಕೂಗಿದೆ. ಎಳೆದು ನೋಡಿದ.
ಬಸ್ಸಾರಿನ ಮಾತೆತ್ತಲಿಲ್ಲ.
ಪಕ್ಕದ್ದಕ್ಕೂ ಕೈ ಚಾಚಿದ, ತಡೆದೆ.
"ಒಂದು ಸಾಕು. ಮಿಕ್ಕವು ಇನ್ನೂ ಕೂತಿವೆ."

ಮಧ್ಯಾಹ್ನ ಸಾರಿಗೆ ಒಗ್ಗರಣೆ ಹಾಕಲಿಲ್ಲ.
ಅವನು ಯಾಕೆ ಅಂತ ಕೇಳಲೂ ಇಲ್ಲ.